ಐಬಿಎಂ ಐ ಸಿಸ್ಟಂನ ಹಳೇ ಆರ್‌ಪಿಜಿ ಭಾಷೆ ಪ್ರೋಗ್ರಾಂಗೆ ಯಾವ ಆಕ್ಟಿವೇಶನ್ ಗ್ರೂಪ್ (ಜಾಬ್ ಒಳಗೆ ಪ್ರೋಗ್ರಾಂ ಓಡೋ ಜಾಗ) ಹಾಕ್ಬೇಕು?

ಕೋಡನ್ನ ಆರ್‌ಪಿಜಿ ತ್ರೀಯಿಂದ ಫೋರ್‌ಗೆ ತಂದ ದಿನಾನೇ ಆಕ್ಟಿವೇಶನ್ ಗ್ರೂಪ್ ಮುಟ್ಬೇಡಿ, ಡಿಫಾಲ್ಟ್‌ನಲ್ಲೇ ಓಡ್ಲಿ. ಮುಂದೆ ಸರ್ವಿಸ್ ಪ್ರೋಗ್ರಾಂನ (ಬೇರೆ ಪ್ರೋಗ್ರಾಂಗಳು ಹಂಚಿಕೊಳ್ಳೋ ಪ್ರೊಸೀಜರ್‌ಗಳ ಕಟ್ಟು) ಪ್ರೊಸೀಜರ್ ಕರೀಬೇಕು ಅಂದಾಗ, ಡಿಫಾಲ್ಟ್ ಗ್ರೂಪಲ್ಲಿ ಓಡ್ಬೇಕಾ ಅಂತ ಹೇಳೋ ಕಂಪೈಲ್ ಆಯ್ಕೆ ಡಿಎಫ್‌ಟಿಎಸಿಟಿಜಿಆರ್‌ಪಿನ ಸ್ಟಾರ್ ನೋ (*NO) ಮಾಡ್ಲೇಬೇಕು, ಇಲ್ದಿದ್ರೆ ಕಂಪೈಲೇ ಆಗಲ್ಲ. ಆಗ ಮೆನುವಿಂದ ಶುರುವಾಗೋ ಮೊದಲ ಪ್ರೋಗ್ರಾಂಗೆ 'ಬಿಲ್ಲಿಂಗ್' ಥರ ಹೆಸರಿಟ್ಟ ಗ್ರೂಪ್ ಕೊಡಿ, ಅದು ಕರೆಯೋ ಮಿಕ್ಕಿದ್ದಕ್ಕೆಲ್ಲ, ಸರ್ವಿಸ್ ಪ್ರೋಗ್ರಾಂಗೂ ಸೇರಿ, ಸ್ಟಾರ್ ಕಾಲರ್, ಅಂದ್ರೆ ಕರೆದ ಪ್ರೋಗ್ರಾಂನ ಗ್ರೂಪಲ್ಲೇ ಓಡೋದು. ಲೂಪ್ ಒಳಗೆ ಕರೆಯೋದಕ್ಕೆ ಸ್ಟಾರ್ ನ್ಯೂ ಬೇಡ್ವೇ ಬೇಡ, ಪ್ರತಿ ಸಲ ಗ್ರೂಪ್ ಕಟ್ಟಿ ಕೆಡವಿ ಜಾಬ್ ತೆವಳುತ್ತೆ.

ನಾನು ಸಿಕ್ಕಿಬಿದ್ದಿದ್ದು ರೋಲ್‌ಬ್ಯಾಕ್‌ನಲ್ಲಿ: ಕಮಿಟ್‌ಮೆಂಟ್ ಕಂಟ್ರೋಲ್ (ಡೇಟಾ ಬದಲಾವಣೆಗಳನ್ನ ಒಟ್ಟಿಗೆ ಉಳಿಸೋ ಇಲ್ಲ ವಾಪಸ್ ತೆಗೆಯೋ ವ್ಯವಸ್ಥೆ) ಡಿಫಾಲ್ಟಾಗಿ ಗ್ರೂಪಿಗೊಂದು, ಮುಖ್ಯ ಪ್ರೋಗ್ರಾಂ 'ಬಿಲ್ಲಿಂಗ್'ನಲ್ಲಿ, ಸ್ಟಾಕ್ ಅಪ್‌ಡೇಟ್ ಮಾಡೋದು ಕ್ಯೂಐಎಲ್‌ಇ ಅನ್ನೋ ಇನ್ನೊಂದು ಗ್ರೂಪಲ್ಲಿ, ಎರಡು ಕಡೆನೂ ಬೇರೆ ಬೇರೆ ಶುರು ಮಾಡಿದ್ದೆ, ಬಿಲ್ ವಾಪಸ್ ಹೋಯ್ತು, ಸ್ಟಾಕ್ ಹೋಗ್ಲಿಲ್ಲ! ಇನ್ನೊಂದು, ಹೆಸರಿಟ್ಟ ಗ್ರೂಪನ್ನ ಆರ್‌ಸಿಎಲ್‌ಆರ್‌ಎಸ್‌ಸಿ ಕಮಾಂಡ್ ತೆಗೆಯಲ್ಲ, ಆರ್‌ಸಿಎಲ್‌ಎಸಿಟಿಜಿಆರ್‌ಪಿ ಹೊಡೀರಿ.