ಹಳಗನ್ನಡ ಪದ್ಯ, ವಚನಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ಬಗೆ: ನನ್ನ ಅನುಭವ

ನಾಗರಿಕ ಸೇವಾ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ತಲಾ 250 ಅಂಕಗಳ ಎರಡು ಪತ್ರಿಕೆ, ಒಂದೊಂದಕ್ಕೆ 3 ಗಂಟೆ. 10 ಅಂಕದ ಪ್ರಶ್ನೆಗೆ 150 ಪದಗಳ ಮಿತಿ. ಅದರಲ್ಲಿ ಒಂದು ಷಟ್ಪದಿಯನ್ನು (ಆರು ಸಾಲಿನ ಪದ್ಯ) ಇಡಿಯಾಗಿ ಇಳಿಸಿದರೆ ವಿವರಣೆಗೆ ಜಾಗ ಸಾಲದು. ಹಾಗಾಗಿ ಬರೆಯುವುದು ಹೆಚ್ಚೆಂದರೆ ಎರಡು ಸಾಲು. ಆದರೂ ನಾನು ಕಲಿತದ್ದು ಇಡೀ ಪದ್ಯವನ್ನೇ. ಪೂರ್ತಿ ಪದ್ಯ ಬಾಯಲ್ಲಿದ್ದಾಗ ಮಾತ್ರ ಅದರ ಅರ್ಧವನ್ನು ಧೈರ್ಯವಾಗಿ ಬರೆಯಬಹುದು.

ಯಾವ ಪದ್ಯ ಕಲಿಯಬೇಕು ಎನ್ನುವುದಕ್ಕೆ ನನ್ನ ಅಳತೆ ಒಂದೇ: ಕನಿಷ್ಠ ಮೂರು ಬಗೆಯ ಪ್ರಶ್ನೆಗೆ ಅದು ಒದಗಬೇಕು. ಪಂಪಭಾರತದ 12ನೆಯ ಆಶ್ವಾಸದ (ಅಧ್ಯಾಯದ) ಕೊನೆಯಲ್ಲಿ ಬರುವ ‘ನೆನೆಯದಿರಣ್ಣ’ ಪದ್ಯವನ್ನೇ ನೋಡಿ. ಕರ್ಣನ ಪಾತ್ರಚಿತ್ರಣಕ್ಕೆ ಬರುತ್ತದೆ, ನನ್ನಿ-ಚಾಗಗಳಂಥ (ಸತ್ಯ, ತ್ಯಾಗ) ಮೌಲ್ಯಗಳ ಚರ್ಚೆಗೆ ಬರುತ್ತದೆ, ಪಂಪನ ಶೈಲಿಗೂ ಬರುತ್ತದೆ. ಕುಮಾರವ್ಯಾಸನ ಕರ್ಣನೊಂದಿಗೆ ಹೋಲಿಸುವಾಗ ಇದಿಲ್ಲದೆ ಆಗುವುದೇ ಇಲ್ಲ. ಕವಿಗೆ ಮೂರು-ನಾಲ್ಕು ಇಂಥ ಪದ್ಯ ಸಾಕು.

ಕಲಿಯುವ ಕ್ರಮದಲ್ಲಿ ಮೊದಲು ಪಾಠ, ಅಂದರೆ ಪದ್ಯದ ಯಾವ ಮುದ್ರಿತ ರೂಪ ಎಂಬುದನ್ನು, ಗೊತ್ತುಮಾಡಿಕೊಳ್ಳಬೇಕು. ಒಂದು ಮುದ್ರಣದಲ್ಲಿ ‘ಅಂಜಿದಡೆ’, ಇನ್ನೊಂದರಲ್ಲಿ ‘ಅಂಜಿದೊಡೆ’ ಇರುತ್ತದೆ; ಎರಡನ್ನೂ ಓದುತ್ತಿದ್ದರೆ ಬರೆಯುವಾಗ ಕೈ ತಡೆಯುತ್ತದೆ. ಒಂದೇ ಆವೃತ್ತಿ ಇಟ್ಟುಕೊಳ್ಳಿ. ಹಳಗನ್ನಡದ ಱ, ೞ ಅಕ್ಷರಗಳನ್ನು ಬರೆಯುವುದಾದರೆ ಎಲ್ಲ ಕಡೆ ಬರೆಯಿರಿ, ಇಲ್ಲವಾದರೆ ಎಲ್ಲೂ ಬೇಡ. ಆಮೇಲೆ ಸಂಧಿ ಬಿಡಿಸಿ, ಅನ್ವಯ ಮಾಡಿ (ಪದಗಳನ್ನು ಗದ್ಯದ ಕ್ರಮಕ್ಕೆ ತಂದು), ಹೊಸಗನ್ನಡದಲ್ಲಿ ಒಂದೆರಡು ವಾಕ್ಯ ಬರೆದುಕೊಳ್ಳಬೇಕು. ಅರ್ಥವಾಗದ ಪದ ಇರುವ ಜಾಗದಲ್ಲೇ ನೆನಪು ಕಡಿದುಹೋಗುತ್ತದೆ.

ಮೂರನೆಯದು ಪ್ರಸ್ತಾರ, ಅಂದರೆ ಸಾಲಿನ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತಿಸಿ ಗಣಗಳಾಗಿ ಒಡೆಯುವುದು. ನನ್ನ ಇಡೀ ವಿಧಾನ ನಿಂತಿರುವುದೇ ಇದರ ಮೇಲೆ. ಛಂದಸ್ಸನ್ನು ಬೇರೊಂದು ಪ್ರಶ್ನೆಗೆಂದು ಓದಿ ಪಕ್ಕಕ್ಕಿಡುವವರೇ ಹೆಚ್ಚು. ಆದರೆ ಬಾಯಿಪಾಠದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸಿಕೊಡುವುದು ಅದೇ. ‘ನೆನೆಯದಿರಣ್ಣ’ದ ಮೊದಲ ಸಾಲನ್ನು ಮೂರು ಮೂರು ಅಕ್ಷರದ ಗಣವಾಗಿ ಒಡೆದು ಬರೆಯಿರಿ:

ನೆನೆಯ | ದಿರಣ್ಣ | ಭಾರತ | ದೊಳಿಂಪೆ | ಱರಾರು | ಮನೊಂದೆ | ಚಿತ್ತದಿಂ

ಗಣಗಳು ನ, ಜ, ಭ, ಜ, ಜ, ಜ, ರ. ಸಾಲಿಗೆ 21 ಅಕ್ಷರದ ಚಂಪಕಮಾಲೆ ವೃತ್ತ. ಈ ಒಡಕಿನಲ್ಲೇ ಗಟ್ಟಿಯಾಗಿ ಹೇಳಿ. ನಾವು ಆಡುಮಾತಿನಲ್ಲಿ ‘ಒಂದೇ’ ಎನ್ನುವುದರಿಂದ ಇಲ್ಲಿಯೂ ಅದೇ ನುಸುಳುತ್ತದೆ. ಆಗ ಜಗಣದ ಜಾಗದಲ್ಲಿ ‘ಮನೊಂದೇ’ ಯಗಣವಾಗಿ ಲಯ ಮುಗ್ಗರಿಸುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎರಡನೆಯ ಸಾಲು ‘ಕರ್ಣನೇಱು ಕ’ ಎಂದು ಮುಗಿದು ಮೂರನೆಯದು ‘ರ್ಣನ ಕಡುನನ್ನಿ’ ಎಂದು ಶುರುವಾಗುತ್ತದೆ. ಪದವನ್ನು ಹೀಗೆ ಸೀಳಿಯೇ ಬರೆಯಬೇಕು. ಅರ್ಥಕ್ಕೆ ಅನುಕೂಲವೆಂದು ‘ಕರ್ಣನ’ವನ್ನು ಒಟ್ಟಿಗೆ ಬರೆದರೆ ಪ್ರತಿ ಸಾಲಿನ ಎರಡನೆಯ ಅಕ್ಷರವಾಗಿ ಬರುವ ನಕಾರದ ಪ್ರಾಸವೂ ಹೋಯಿತು, ಗಣವೂ ಹೋಯಿತು. ಏಱು, ನನ್ನಿ, ಅಳವು, ಚಾಗ ಎಂಬ ಅನುಕ್ರಮವನ್ನು ಬೇರೆಯಾಗಿ ಒಮ್ಮೆ ಹೇಳಿಕೊಳ್ಳಿ, ಹಿಂದುಮುಂದಾಗುವುದು ಅಲ್ಲಿ.

ನಾಲ್ಕು ಸಾಲಿನ ಕಂದಪದ್ಯಕ್ಕೆ ಸಾಲುಸಾಲಿನ ಮಾತ್ರೆ ಎಣಿಸಿದರಾಯಿತು: 12, 20, 12, 20. ಕವಿರಾಜಮಾರ್ಗದ ‘ಕಾವೇರಿಯಿಂದಮಾ ಗೋ’ ಪದ್ಯದಲ್ಲಿ ‘ಕನ್ನಡದೊಳ್’ ಬದಲು ‘ಕನ್ನಡದಲ್ಲಿ’ ಎಂದು ಬರೆದರೆ 21 ಮಾತ್ರೆಯಾಗಿ ಸಾಲಿನ ಕೊನೆಗೆ ಲಘು ಉಳಿಯುತ್ತದೆ. ಆದರೆ ‘ಇರ್ದ’ ಎಂಬಲ್ಲಿ ‘ಇರ್ಪ’ ಬರೆದರೆ ಛಂದಸ್ಸು ತುಟಿ ಬಿಚ್ಚುವುದಿಲ್ಲ, ಎರಡಕ್ಕೂ ಮಾತ್ರೆ ಒಂದೇ. ಇಂಥ ಪದಗಳನ್ನು ಕಲಿಯುವಾಗಲೇ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಣ್ಣಿನಿಂದ ನೆನಪಿಡಬೇಕು.

ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಇನ್ನೂ ಸುಲಭದ ಹಿಡಿತ ಇದೆ. ‘ತಿಣಿಕಿದನು ಫಣಿರಾಯ’ ಷಟ್ಪದಿಯ ಆರು ಸಾಲುಗಳ ಮೊದಲೆರಡು ಅಕ್ಷರ ಮಾತ್ರ ತೆಗೆಯಿರಿ: ತಿಣಿ, ಯಣ, ತಿಣಿ, ಬಣ, ಕೆಣಿ, ಕುಣಿ. ಈ ಆರು ತುಣುಕನ್ನು ಸರಾಗವಾಗಿ ಹೇಳಲು ಬಂದರೆ ಸಾಲುಗಳು ತಾವಾಗಿ ಬರುತ್ತವೆ, ಯಾವುದೂ ಹಾರಿಹೋಗುವುದಿಲ್ಲ. ಇಲ್ಲಿಯೂ ‘ರಾಮಾ’ ಮೊದಲ ಸಾಲಿಗೆ, ‘ಯಣದ’ ಎರಡನೆಯದಕ್ಕೆ. ಗಮಕ (ಕಾವ್ಯವನ್ನು ರಾಗವಾಗಿ ಓದುವುದು) ಕೇಳುವುದು ಕಿವಿಗೂ ಮನಸ್ಸಿಗೂ ಒಳ್ಳೆಯದು, ನಾನು ಎಲ್ಲರಿಗೂ ಹೇಳುತ್ತೇನೆ. ಗಮಕಿಗಳು ಅರ್ಥಕ್ಕಾಗಿ ಪದ ಕೂಡಿಸಿ, ಬೇಕಾದ ಕಡೆ ಎರಡೆರಡು ಸಲ ಹೇಳುತ್ತಾರೆ. ಅದನ್ನೇ ನಂಬಿ ಬರೆದರೆ ಸಾಲು ಎಲ್ಲಿ ಒಡೆಯಬೇಕೆಂಬುದು ತಪ್ಪುತ್ತದೆ. ರಾಗದಲ್ಲಿ ಕಲಿತದ್ದನ್ನು ಆಮೇಲೆ ರಾಗವಿಲ್ಲದೆ 3+4, 3+4 ಮಾತ್ರೆಯ ನಡೆಯಲ್ಲಿ ಹೇಳಿ ನೋಡಲೇಬೇಕು.

ವಚನಕ್ಕೆ ಈ ಯಾವ ಊರುಗೋಲೂ ಇಲ್ಲ, ಅದಕ್ಕೇ ಅದು ಹೆಚ್ಚು ಕಷ್ಟ. ಅಲ್ಲಿ ಹಿಡಿಯಬೇಕಾದದ್ದು ಜೋಡಿಗಳನ್ನು. ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನದಲ್ಲಿ ಬೆಟ್ಟ-ಮೃಗ, ಸಮುದ್ರ-ನೊರೆತೆರೆ, ಸಂತೆ-ಶಬ್ದ. ಮೊದಲೆರಡಕ್ಕೆ ‘ಅಂಜಿದಡೆ’, ಮೂರನೆಯದಕ್ಕೆ ‘ನಾಚಿದಡೆ’. ಮೂರಕ್ಕೂ ಅಂಜಿಕೆಯನ್ನೇ ಬರೆದ ಉತ್ತರಗಳು ಬೇಕಾದಷ್ಟು ಸಿಗುತ್ತವೆ. ಕ್ರಿಯಾಪದ ಏಕೆ ಬದಲಾಯಿತು ಎಂದು ಯೋಚಿಸಿದವರಿಗೆ ಇದು ಮರೆಯದು: ಸಂತೆಯ ಶಬ್ದ ಜನರ ಮಾತು, ಮುಂದೆ ಬರುವ ‘ಸ್ತುತಿನಿಂದೆ’ಗೆ ದಾರಿ ಅಲ್ಲಿಂದಲೇ. ವಿಮರ್ಶಕರ ಗದ್ಯದ ಮಾತುಗಳಾದರೆ ಐದಾರು ಪದ ಮೀರದ ತುಣುಕನ್ನಷ್ಟೇ ಕಲಿಯಿರಿ, ಉಳಿದದ್ದನ್ನು ಹೆಸರು ಹೇಳಿ ನಿಮ್ಮ ಮಾತಿನಲ್ಲಿ ಬರೆಯಿರಿ.

ಸಾಲುಗಳನ್ನು ಕೊನೆಯಿಂದ ಕೂಡಿಸುತ್ತ ಬನ್ನಿ: ಮೊದಲು ನಾಲ್ಕನೆಯ ಸಾಲು, ಆಮೇಲೆ ಮೂರು-ನಾಲ್ಕು, ಹೀಗೆ. ಮೇಲಿಂದ ಕಲಿತರೆ ಮೊದಲ ಸಾಲು ನೂರು ಸಲ ಹೇಳಿದಂತಾಗಿ ಕೊನೆಯದು ಸೊರಗುತ್ತದೆ. ಉತ್ತರಕ್ಕೆ ಬೇಕಾಗುವುದು ಬಹಳ ಸಲ ಆ ಕೊನೆಯದೇ. ಕಲಿತ ಸಂಜೆ, ಮರುದಿನ, ನಾಲ್ಕನೆಯ ದಿನ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ ಪುಸ್ತಕ ಮುಚ್ಚಿ ಬರೆಯಿರಿ. ಬರೆದೇ ನೋಡಬೇಕು, ಒತ್ತಕ್ಷರ, ದೀರ್ಘಗಳ ತಪ್ಪು ಬಾಯಲ್ಲಿ ಅಡಗಿಕೊಳ್ಳುತ್ತದೆ. ಎರಡು ಸಲ ಸತತವಾಗಿ ಸರಿಬಂದರೆ ಮುಂದಿನ ಅಂತರಕ್ಕೆ ಹೋಗಿ, ತಪ್ಪಿದರೆ ಮರುದಿನಕ್ಕೆ ಇಳಿಸಿ. ಪದ್ಯ ಬರೆದಿಟ್ಟುಕೊಳ್ಳುವ ಕಾರ್ಡಿನ ಮುಂಬದಿಯಲ್ಲಿ ಪದ್ಯದ ಮೊದಲ ಪದ ಬರೆಯಬೇಡಿ, ‘ಪಂಪನ ಕರ್ಣ, ಕುಮಾರವ್ಯಾಸನ ಕರ್ಣ: ತುಲನೆ’ ಎಂದು ಪ್ರಶ್ನೆ ಬರೆಯಿರಿ. ಪರೀಕ್ಷೆಯಲ್ಲಿ ಕಾಣಿಸುವುದು ಪ್ರಶ್ನೆ, ಪದ್ಯದ ಮೊದಲ ಪದವಲ್ಲ.

ಕೊಠಡಿಯಲ್ಲಿ ಪದವೊಂದು ಕೈಕೊಟ್ಟರೆ ಉತ್ತರಪುಸ್ತಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಗಣ ಹಾಕಿ ಅರ್ಧ ನಿಮಿಷ ನೋಡಿ, ಎಷ್ಟು ಅಕ್ಷರದ, ಯಾವ ನಡೆಯ ಪದ ಬೇಕೆಂದು ಗೊತ್ತಾಗುತ್ತದೆ. ಆಗಲೂ ಬಾರದಿದ್ದರೆ ಆ ಜಾಗಕ್ಕೆ ಬೇರೆ ಪದ ಹೊಂದಿಸಬೇಡಿ. ಪೂರ್ತಿ ಸಾಲಿನ ಆಸೆ ಬಿಟ್ಟು ‘ಕರ್ಣರಸಾಯನಮಲ್ತೆ ಭಾರತಂ’ ಎಂಬಷ್ಟನ್ನೇ ನಿಮ್ಮ ವಾಕ್ಯದೊಳಗೆ ಸೇರಿಸಿ ಮುಂದಿನ ಪ್ರಶ್ನೆಗೆ ಹೋಗಿ.