ಬೀಳುವ ಬಿಲ್ಲೆಗೆ ಕೆಳಗೆ ಹೊಡೆಯಿರಿ
ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಯಿಂದ ಮರದ ತುದಿಯ ತೆಂಗಿನಕಾಯಿ ಒಡೆದು ಬೀಗಿದವಳು ನಾನು. ಆ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಮಾವ ಖಾಲಿ ಗದ್ದೆಯಲ್ಲಿ ಬಿಲ್ಲೆ ಚಿಮ್ಮಿಸುವ ಟ್ರ್ಯಾಪ್ ಯಂತ್ರ ಇಟ್ಟು, ನಾನು ಗುರಿಯಿಟ್ಟು ಹೊಡೆಯಲೆಂದು ಬಿಲ್ಲೆ ಹಾರಿಸಿದರು. ಹತ್ತಕ್ಕೆ ಹತ್ತೂ ತಪ್ಪಿತು. "ಎಲ್ಲಾ ಮೇಲೇ ಹೋಯ್ತು, ಕುಂಞಿ" ಅಂದರು, ಕಾಫಿ ಲೋಟ ಕೆಳಗಿಡದೆ.

ಬಿಲ್ಲೆಗೆ 'ಕ್ಲೇ' ಎಂದು ಹೆಸರು ಮಾತ್ರ ಮಣ್ಣಿನದು; ಮಾಡುವುದು ಡಾಂಬರಿನಂಥ ಅಂಟು, ಸುಣ್ಣಕಲ್ಲಿನ ಪುಡಿಯಿಂದ. ಅಗಲ 11 ಸೆಂ.ಮೀ. 40 ಮೀಟರ್ ದೂರಕ್ಕೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ತಲುಪಲು ಹೆಚ್ಚುಕಮ್ಮಿ 0.15 ಸೆಕೆಂಡ್ ಬೇಕು. ಬಿಲ್ಲೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇಳಿಯುತ್ತಿದ್ದರೆ ಅಷ್ಟರಲ್ಲಿ ಒಂದೂವರೆ ಮೀಟರ್ ಕೆಳಗೆ ಹೋಗಿರುತ್ತದೆ. ಹದಿಮೂರು ಬಿಲ್ಲೆ ಒಂದರ ಕೆಳಗೊಂದು ಜೋಡಿಸಿದಷ್ಟು! ಅಷ್ಟು ಜಾಗ ಬಿಡಲು ಕಣ್ಣು ಒಪ್ಪುವುದಿಲ್ಲ, ಬಲವಂತವಾಗಿ ಒಪ್ಪಿಸಬೇಕು.

ಬರೀ ಕೆಳಗೂ ಅಲ್ಲ. ಬಲದಿಂದ ಎಡಕ್ಕೆ ಹೋಗುತ್ತಾ ಬೀಳುವ ಬಿಲ್ಲೆಯನ್ನು ಗಡಿಯಾರ ಅಂದುಕೊಳ್ಳಿ. ನಿಮ್ಮ ಗುರಿ ಏಳು, ಎಂಟು ಗಂಟೆಯ ದಿಕ್ಕಿನಲ್ಲಿ, ಬಿಲ್ಲೆಯಿಂದ ದೂರದಲ್ಲಿ ಇರಬೇಕು.

ಎಲ್ಲಿ ಒಡೆಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ನನ್ನದು ಗದ್ದೆಯಾಚೆಯ ಸಿಲ್ವರ್ ಓಕ್, ಮೆಣಸಿನ ಬಳ್ಳಿ ಮುಗಿಯುವ ಎತ್ತರ. ಪಾದ ತಿರುಗಬೇಕಾದ್ದು ಆ ಕಡೆಗೆ, ಟ್ರ್ಯಾಪ್ ಕಡೆಗಲ್ಲ. ಕೋವಿಯ ಮೂತಿ ಬಿಲ್ಲೆಯ ದಾರಿಯ ಕೆಳಗೇ ಕಾಯಲಿ. ಹಿಂದಿನಿಂದ ಅಟ್ಟಿಸಿಕೊಂಡು ಹೋದರೆ ನಳಿಗೆಯೇ ಬಿಲ್ಲೆಗೆ ಅಡ್ಡ ಬರುತ್ತದೆ; ಮರೆಯಾಯಿತೆಂದರೆ ತಡವಾಯಿತೆಂದೇ ಲೆಕ್ಕ.

ನಾನು ವರ್ಷಗಟ್ಟಲೆ ಮಾಡಿದ ತಪ್ಪು ಇದು: ಬಿಲ್ಲೆ ಇಳಿಯುವಾಗ ಕೈಯನ್ನಷ್ಟೇ ಇಳಿಸುತ್ತಿದ್ದೆ. ಆಗ ಕೆನ್ನೆ ಸ್ಟಾಕಿನಿಂದ, ಅಂದರೆ ಕೋವಿಯ ಮರದ ಹಿಂಭಾಗದಿಂದ, ಬೆರಳಷ್ಟು ಏಳುತ್ತದೆ. ಕಣ್ಣು ಎದ್ದರೆ ಏಟೂ ಏಳುತ್ತದೆ. ಮುಂದಿನ ಮಂಡಿ ಮಡಿಸಿ, ಸೊಂಟದಿಂದ ಬಾಗಿ, ಕೆನ್ನೆ ಮರಕ್ಕೆ ಅಂಟಿದ್ದ ಹಾಗೇ ಇಡೀ ಮೈಯೊಂದಿಗೆ ಕೋವಿ ಇಳಿಯಬೇಕು. ಕುದುರೆ (ಟ್ರಿಗರ್) ಎಳೆದ ಮೇಲೂ ನಿಲ್ಲಿಸಬೇಡಿ. ಅಂತರ ಸರಿಯಾಯಿತೇ ಎಂದು ಇಣುಕಿದ ಕ್ಷಣವೇ ಕೋವಿ ನಿಂತುಬಿಡುತ್ತದೆ.

ಚೋಕ್, ಅಂದರೆ ಚರೆ ಹರಡದಂತೆ ನಳಿಗೆಯ ಮೂತಿಯನ್ನು ಕಿರಿದಾಗಿಸುವುದು, ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ಹಾಫ್ ಚೋಕ್, ಏಳೂವರೆ ನಂಬರಿನ ಚರೆ ಸಾಕು. ಫುಲ್ ಚೋಕ್ ಹಾಕಿ ಮೆರೆಯುವವರ ಬಿಲ್ಲೆಯೂ ಗದ್ದೆಯಲ್ಲಿ ಇಡಿಯಾಗಿ ಸಿಕ್ಕಿದ್ದನ್ನು ನೋಡಿದ್ದೇನೆ. ಹಾರಿದ ಚರೆ 200 ಮೀಟರ್ ಆಚೆಗೂ ಉದುರಬಹುದು, ಹಾಗಾಗಿ ನಾವು 300 ಮೀಟರ್ ಖಾಲಿ ಬಿಡುತ್ತೇವೆ. ತೋಟದ ಕೆಲಸಗಾರರ ಲೈನ್ ಮನೆಗಳ ಕಡೆಗೆ ಕೋವಿ ತಿರುಗಿಸುವ ಮಾತೇ ಇಲ್ಲ.

ಒಬ್ಬರು ನಿಮ್ಮ ಬಲ ಭುಜದ ಹಿಂದೆ ನಿಂತು ನೋಡಲಿ. ಮಾವ ಹಾಗೇ ನಿಂತಿದ್ದರು. ಇಪ್ಪತ್ತೆರಡನೆಯ ಬಿಲ್ಲೆ ಕಪ್ಪು ಹೊಗೆಯಂತೆ ಪುಡಿಯಾಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಟ್ರ್ಯಾಪನ್ನು ಆ ಬದುವಿನಿಂದ ಈ ಬದುವಿಗೆ ಹೊರಲು ಹೊರಟಿದ್ದರು. "ಈಗ ಎಡದಿಂದ ಬಲಕ್ಕೆ. ಗಡಿಯಾರ ಎಷ್ಟು?"

"ನಾಲ್ಕೂವರೆ, ಮಾವ."