ಬೇರಿಗೆ ಅಂಟಿದ ಮಣ್ಣನ್ನು ಬೇರೆಯಾಗಿ ಅಳೆದೆ

ನಮ್ಮ ಕಾಫಿ ತೋಟ ಸಕಲೇಶಪುರದ ಹತ್ತಿರ. ಎಲ್ಲರ ಹಾಗೆ ನಾನೂ ಹತ್ತಾರು ಕಡೆಯ ಮಣ್ಣು ಬೆರೆಸಿ ಪರೀಕ್ಷೆಗೆ ಕಳಿಸುತ್ತಿದ್ದೆ. ಬಂದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ನೋಡಿ ಹುಳಿ ತಗ್ಗಿಸಲು ಸುಣ್ಣ ಹಾಕುತ್ತಿದ್ದೆ. ಆದರೆ ಬೇರಿಗೆ ದಿನಾ ತಾಗುವುದು ಅದರ ಮೈಗಂಟಿದ ಒಂದೆರಡು ಮಿಲಿಮೀಟರ್ ಮಣ್ಣು ಅಲ್ವಾ? ಅದು ಹೇಗಿದೆ ಅಂತ ನೋಡಿಯೇ ಇರಲಿಲ್ಲ.

ಮೊದಲು ಕಣ್ಣಾರೆ ಕಾಣಬೇಕು ಅನ್ನಿಸಿತು. ಬೇಗ ಬೆಳೆಯುತ್ತದೆ ಅಂತ ನುಗ್ಗೆ ಬೀಜವನ್ನು ತೊಳೆದ ಮರಳಿನಲ್ಲಿ ಹಾಕಿದೆ. ಸಸಿ ಗೇಣುದ್ದ ಆದ ಮೇಲೆ ಕೆಲವಕ್ಕೆ ಅಮೋನಿಯಂ ಸಲ್ಫೇಟ್, ಕೆಲವಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ತೀರಾ ತೆಳುವಾಗಿ ಕರಗಿಸಿ ಒಂದು ವಾರ ಕೊಟ್ಟೆ. ಆಮೇಲೆ ಮಳೆನೀರಿನಲ್ಲಿ ಅಗರ್ (ಆರಿದರೆ ಜೆಲ್ಲಿಯಂತೆ ಗಟ್ಟಿಯಾಗುವ ಕಡಲಪಾಚಿಯ ಪುಡಿ) ಕಾಯಿಸಿದೆ, ಲೀಟರಿಗೆ 7.5 ಗ್ರಾಂ. ಅದಕ್ಕೆ ಅದೇ ಗೊಬ್ಬರ, ಜೊತೆಗೆ ಚಿಟಿಕೆಗೂ ಕಡಿಮೆ ಬ್ರೋಮೋಕ್ರೆಸಾಲ್ ಪರ್ಪಲ್. ಈ ಬಣ್ಣ ಪಿಎಚ್ 5.2ರ ಕೆಳಗೆ ಹಳದಿ, 6.8ರ ಮೇಲೆ ನೇರಳೆ. ಶುರುವಿಗೆ 6ಕ್ಕೆ ತಂದಿಟ್ಟೆ. ಬೇರನ್ನು ತಟ್ಟೆಯಲ್ಲಿ ಹರಡಿ ಅದರ ಮೇಲೆ ಸುರಿಯಬೇಕು. ಮೊದಲ ಸಲ ಬಿಸಿ ಜಾಸ್ತಿಯಾಗಿ ಬೇರು ಬೆಂದೇ ಹೋಯಿತು. ಎರಡನೇ ಸಲ ಸುಮಾರು 40 ಡಿಗ್ರಿಗೆ ಆರಿಸಿ, ಗಟ್ಟಿಯಾಗುವ ಮುಂಚೆ ಸುರಿದೆ.

ಬೆಳಿಗ್ಗೆ ನೋಡಿದರೆ ಅಮೋನಿಯಂ ತಟ್ಟೆಯಲ್ಲಿ ಬೇರಿನ ಉದ್ದಕ್ಕೂ ಹಳದಿ. ನೈಟ್ರೇಟ್ ತಟ್ಟೆಯಲ್ಲಿ ನೇರಳೆ. ಎರಡೂ ಒಂದೇ ಕಾಯಿಯ ಬೀಜದ ಸಸಿಗಳು! ಅಮೋನಿಯಂಗೆ ಧನ ವಿದ್ಯುದಂಶ ಇದೆ. ಅದನ್ನು ಒಳಗೆಳೆದ ಬೇರು ಲೆಕ್ಕ ಸರಿದೂಗಿಸಲು ಹೈಡ್ರೋಜನ್ ಅಯಾನು ಹೊರಬಿಡುತ್ತದೆ, ಸುತ್ತ ಹುಳಿಯಾಗುತ್ತದೆ. ನೈಟ್ರೇಟ್ ಎಳೆದರೆ ಇದರ ಉಲ್ಟಾ. ಓದಿದ್ದ ವಿಷಯವೇ, ಆದರೂ ಆ ಹಳದಿ ಗೆರೆ ಕಂಡಾಗ ಮೈ ಜುಮ್ಮೆಂದಿತು.

ಮುಂದಿನ ಕೆಲಸ ತೋಟದಲ್ಲಿ. ಕಾಫಿಗೆ ನೆರಳು ಕೊಡುವ ಹಾಲುವಾಣದ ಮರದ ಬುಡದ ಸಣ್ಣ ಬೇರು ತೆಗೆದು, ಸಡಿಲ ಮಣ್ಣು ಕೊಡವಿ, ಅಂಟಿದ್ದನ್ನು ಮಾತ್ರ ಬ್ರಶ್ಶಿನಲ್ಲಿ ಬಿಡಿಸಿದೆ. 10 ಗ್ರಾಂ ಕೂಡಿಸಲು ಅರ್ಧ ದಿನ ಹಿಡಿಯಿತು. 25 ಮಿ.ಲೀ. ನೀರಿನಲ್ಲಿ ಕದಡಿ ಮೀಟರ್ ಇಟ್ಟರೆ 5.3. ಸಾಲಿನ ನಡುವಿನ ಮಣ್ಣು 5.9. ಸಣ್ಣ ವ್ಯತ್ಯಾಸ ಅಂತ ಕಾಣುತ್ತದೆ, ಆದರೆ ಹೈಡ್ರೋಜನ್ ಅಯಾನು ಸುಮಾರು 4 ಪಟ್ಟು. ಹಾಲುವಾಣದ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ. ಮರಕ್ಕೆ ಮಣ್ಣಿನ ನೈಟ್ರೇಟ್ ಅಷ್ಟು ಬೇಕಿಲ್ಲ. ಪೊಟ್ಯಾಷ್, ಕ್ಯಾಲ್ಸಿಯಂ ಮಾತ್ರ ಎಳೆಯುತ್ತಲೇ ಇರುತ್ತದೆ, ಅವಕ್ಕೂ ಅಮೋನಿಯಂ ಹಾಗೆ ಧನ ವಿದ್ಯುದಂಶ. ಹಾಗಾಗಿ ಹುಳಿ.

ಸಿಲ್ವರ್ ಮರದ ತರಗು ಕೆದಕಿದಾಗ ಬಾಟಲಿ ತೊಳೆಯುವ ಬ್ರಶ್ಶಿನಂಥ ಬೇರಿನ ಗೊಂಚಲು ಸಿಕ್ಕಿತು. ಇಂಥ ಗೊಂಚಲುಗಳು ಸಿಟ್ರಿಕ್ ಆಮ್ಲದಂಥ ಆಮ್ಲಗಳನ್ನು ಒಸರುತ್ತವೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದಿರುತ್ತವೆ. ಆಮ್ಲ ಆ ಹಿಡಿತ ಬಿಡಿಸುತ್ತದೆ. ಸುಮ್ನೆ ಕಂಬದ ಹಾಗೆ ನಿಂತ ಮರ, ಮೆಣಸು ಹಬ್ಬಿಸಲು ಸಾಕು ಅಂದುಕೊಂಡಿದ್ದೆ.

ಈಗ ಪರೀಕ್ಷೆಗೆ ಎರಡು ಚೀಲ ಕಳಿಸುತ್ತೇನೆ, ಬೇರಿನ ಮಣ್ಣು ಒಂದು, ಸಾಲಿನ ಮಣ್ಣು ಇನ್ನೊಂದು. ರಾಕ್ ಫಾಸ್ಫೇಟ್ (ರಂಜಕ ಇರುವ ಕಲ್ಲಿನ ಪುಡಿ) ಕರಗಲು ಹುಳಿ ಬೇಕು, ಅದಕ್ಕೇ ಹಾಲುವಾಣದ ಬೇರು ಹಬ್ಬಿದ ಕಡೆ ಹಾಕುತ್ತೇನೆ. ಅದರ ಜೊತೆ ಸುಣ್ಣ ಬೆರೆಸುವುದನ್ನು ನಿಲ್ಲಿಸಿದ್ದೇನೆ.